ಬಾಲ್ಕನಿಗೆ ಕಟ್ಟಿದ ಒಂಬತ್ತು ಸಿಡಿಗಳು

ಕತಾರಿನ ಹಮದ್ ಬಂದರಿನಲ್ಲಿ ನನ್ನ ಕೆಲಸ ಹಾನಿಯ ವರದಿ ಬರೆಯುವುದು. ಕಂಟೇನರಿನ ಬಾಗಿಲು ತೆರೆದಾಗ ಒಳಗಿನ ಸರಕು ಒಡೆದಿದ್ದರೆ, ನೆನೆದಿದ್ದರೆ, ಯಾವುದು ಎಲ್ಲಿ ಹೇಗಿತ್ತು ಎಂದು ಕಂಡಷ್ಟನ್ನೇ ಬರೆಯಬೇಕು. ಕೊನೆಯಲ್ಲಿ ಒಂದು ಸಾಲು: ಹೊಣೆ ಯಾರದು. ಆ ಸಾಲಿನಲ್ಲಿ ಹಡಗಿನವರನ್ನು, ಕ್ರೇನಿನವರನ್ನು, ಒಮ್ಮೆ ಗಾಳಿಯನ್ನೂ ಬರೆದಿದ್ದೇನೆ. ನನ್ನನ್ನೇ ಬರೆದುಕೊಂಡದ್ದು ಒಂದು ಸಲ ಮಾತ್ರ. ಅದನ್ನು ನಿಧಾನವಾಗಿ, ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಮ್ಮ ಸುರಕ್ಷತಾ ವಿಭಾಗದಲ್ಲಿ ಒಬ್ಬ ಅಮೆರಿಕನ್ ಇದ್ದ. ಹೆಲ್ಮೆಟ್ ಇಲ್ಲದೆ ಚಹಾ ಕುಡಿದವನಿಗೂ ನೋಟಿಸು ಕೊಡುವಂಥವನು. ಪ್ರಾಯದಲ್ಲಿ ಅವನು ಒಂದು ರೆಗೆ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದನಂತೆ. ರೆಗೆ ಜಮೈಕಾದ ಬಿಸಿಲಿನ ಸಂಗೀತ. ಅವನದು ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ಊರು. ಅಲ್ಲಿ ಆರು ಜನ ಉಣ್ಣೆಯ ಟೊಪ್ಪಿ ಹಾಕಿಕೊಂಡು ಗ್ಯಾರೇಜಿನಲ್ಲಿ ಕುಳಿತು ಸುಡುವ ಬಿಸಿಲಿನ ಬಗ್ಗೆ ಹಾಡಿದ್ದರು. ಆ ತಂಡ ಇತ್ತೆಂಬುದು ಪಕ್ಕದ ಬೀದಿಗೂ ಗೊತ್ತಿರಲಿಲ್ಲ ಎಂದು ಅವನೇ ನಗುತ್ತಿದ್ದ.

ಕತಾರ್ ಬಿಡುವ ವಾರ ಅವನು ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿಯೊಂದನ್ನು ನನ್ನ ಕೈಗಿಟ್ಟ. ಒಳಗೆ ಅವರ ಹಾಡುಗಳ ಒಂಬತ್ತು ಸಿಡಿ; ಮೂಲ ಟೇಪುಗಳು ತಂಡದ ಹಾಡುಗಾರನ ಮನೆಯ ನೆಲಮಾಳಿಗೆಯಲ್ಲಿದ್ದವು, ಇವು ಪ್ರತಿಗಳು. ತಿಂಗಳ ನಂತರ ಫೋನು ಮಾಡಿ ಹೇಗಿವೆ ಎಂದು ಕೇಳಿದ. ಬಹಳ ಚೆನ್ನಾಗಿವೆ ಅಂದೆ. ನನ್ನ ಕಂಪ್ಯೂಟರಿನಲ್ಲಿ ಸಿಡಿ ಹಾಕುವ ಜಾಗವೇ ಇರಲಿಲ್ಲ. ಬಾಗಿಲು ತೆರೆಯದೆ ಸರಕು ಸರಿಯಿದೆ ಎಂದು ವರದಿ ಕೊಟ್ಟಂತಾಯಿತು.

ಎರಡು ವರ್ಷದ ಮೇಲೆ ಅವನು ಮತ್ತೆ ಫೋನು ಮಾಡಿದ. ದನಿ ಬೇರೆಯಾಗಿತ್ತು. ಹಾಡುಗಾರನಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಿದೆ, ಇನ್ನು ಮಾತು ಬರುವುದಿಲ್ಲ. ಚಳಿಗೆ ನೀರಿನ ಪೈಪು ಒಡೆದು ನೆಲಮಾಳಿಗೆಯ ಟೇಪುಗಳೆಲ್ಲ ಹಾಳಾಗಿವೆ. ತನ್ನ ದನಿಯನ್ನು ಒಮ್ಮೆ ಕೇಳಬೇಕೆಂದು ಅವನು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದಾನೆ. "ಈಗ ಉಳಿದಿರುವುದು ನಿನ್ನ ಹತ್ತಿರ ಇರುವುದಷ್ಟೇ," ಎಂದ.

"ಭದ್ರವಾಗಿದೆ," ಎಂದು ಹೇಳಿ ಫೋನಿಟ್ಟು ಡಬ್ಬಿ ತೆರೆದೆ. ತಳದಲ್ಲಿ ನಾಲ್ಕು ಹುರಿದ ಶೇಂಗಾ, ಒಂದು ಒಣ ಕರಿಬೇವಿನ ಎಲೆ.

ಆಗ ನೆನಪಾಯಿತು. ಹಿಂದಿನ ವರ್ಷ ರಜೆಗೆ ಉಡುಪಿಗೆ ಹೋಗುವಾಗ ಪಕ್ಕದ ಮನೆಯ ಅಕ್ಕನಿಗೆ ಕೀಲಿಕೈ ಕೊಟ್ಟಿದ್ದೆ. ಅಲ್ ಅಜೀಜಿಯಾ ಬಡಾವಣೆಯಲ್ಲಿ ಒಂದು ವಿಲ್ಲಾವನ್ನು ಎರಡು ಮನೆಯಾಗಿ ಸೀಳಿದ್ದರಲ್ಲಿ ನಾವಿರುವುದು, ಬಾಲ್ಕನಿ ಎರಡಕ್ಕೂ ಒಂದೇ. ಅಕ್ಕ ಬಾಗಲಕೋಟೆಯವರು. ಖಾಲಿ ಡಬ್ಬಿ ಹಿಂದಿರುಗಿಸುವುದು ಅವರ ಪ್ರಕಾರ ಅಪಮಾನ. ನಾನು ಬಂದ ದಿನ ನೀಲಿ ಡಬ್ಬಿಯ ತುಂಬ ಅವಲಕ್ಕಿ ಚೂಡಾ ಇತ್ತು. ವಾರವಿಡೀ ತಿಂದೆ, ರುಚಿಯಾಗಿದೆ ಎಂದೂ ಹೇಳಿದೆ. ಅದರೊಳಗೆ ಮೊದಲು ಏನಿತ್ತು ಎಂಬ ಪ್ರಶ್ನೆ ಬರಲೇ ಇಲ್ಲ.

ಪಕ್ಕದ ಬಾಗಿಲು ತಟ್ಟಿದೆ.

"ಅಕ್ಕ, ಆ ಡಬ್ಬಿಯಲ್ಲಿ ಸಿಡಿಗಳಿದ್ದವಲ್ಲ, ಅವು ಎಂತ ಆದವು?"

"ಅಲ್ಲೇ ತೂಗಾಕತ್ತಾವಲ್ರಿ ಅಣ್ಣಾರ! ದಿನಾ ನೋಡ್ತೀರಿ. ಪಾರಿವಾಳದ ಕಾಟಕ್ಕ ಕಟ್ಟೀನಿ. ನಿಮ್ಮನ್ನ ಕೇಳೇ ತಗೊಂಡೀನಿ ಮತ್ತ."

ಫೋನು ತೆಗೆದು ತೋರಿಸಿದರು. ಹಳೇ ಸಿಡಿ ತಗೋಲೇನ್ರಿ ಎಂದು ನಾನು ಊರಲ್ಲಿದ್ದಾಗ ಅವರು ಕಳಿಸಿದ ಸಂದೇಶ. ಕೆಳಗೆ ಆಗಲಿ ಎಂಬ ನನ್ನ ಹೆಬ್ಬೆಟ್ಟಿನ ಚಿತ್ರ. ಅಂದು ತಂಗಿಯ ಮಗಳ ರೋಸ್, ನಮ್ಮ ಕ್ರೈಸ್ತರ ಮದುವೆಯ ಹಿಂದಿನ ದಿನದ ಶಾಸ್ತ್ರ. ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ದ ಕೈಯಲ್ಲೇ, ಓದದೆ ಒತ್ತಿದ್ದೆ.

ಬಾಲ್ಕನಿಯಲ್ಲಿ ನೈಲಾನ್ ದಾರಕ್ಕೆ ಎಂಟು ಸಿಡಿ ತೂಗುತ್ತಿದ್ದವು. ಅವುಗಳ ಕೆಳಗೆ ಮೂರು ಪಾರಿವಾಳ ನೆಮ್ಮದಿಯಾಗಿ ಕುಳಿತಿದ್ದವು. ಒಂದು ಬೇಸಿಗೆಯ ಬಿಸಿಲಿಗೆ ಸಿಡಿಗಳು ಬಣ್ಣ ಬಿಟ್ಟು ಗಾಜಿನಂತಾಗಿದ್ದವು. ಬಿಸಿಲಿನ ಹಾಡುಗಳು ನಿಜವಾದ ಬಿಸಿಲನ್ನು ಕಂಡದ್ದು ಅದೇ ಮೊದಲಿರಬೇಕು.

ಸಿಡಿ ಹಾಕಲು ಇಡೀ ವಿಲ್ಲಾದಲ್ಲಿ ಇದ್ದದ್ದು ಅಕ್ಕನ ಗಂಡನ ಹಳೆಯ ಕಾರೊಂದೇ. ನಾನು ಅವರನ್ನು ಭಾವ ಎನ್ನುತ್ತೇನೆ. ಶುಕ್ರವಾರ ಬೆಳಿಗ್ಗೆ ಒಂದೊಂದನ್ನೇ ಒರೆಸಿ ಹಾಕಿದೆವು. ಕಾರು ಒಂದೊಂದನ್ನೇ ಹೊರಕ್ಕೆ ತಳ್ಳಿತು.

"ಗಾಡೀನೂ ಉಗುಳಾಕತ್ತೇತಿ ನೋಡ್ರಿ," ಎಂದರು ಭಾವ. "ಖಲಾಸ್."

"ಒಂಬತ್ತಿತ್ತು, ಭಾವ."

ಒಂದು ಸಿಡಿ ಗಾಳಿಗೆ ದಾರ ಹರಿದು ಬಿದ್ದಿತ್ತು ಎಂದು ಅಕ್ಕನಿಗೆ ನೆನಪಾಯಿತು. ಎಸಿಯ ಹೊರಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದೆ. ನೆರಳಿನಲ್ಲಿ, ತಂತಿಯ ಚೂರು ಮತ್ತು ಕಡ್ಡಿಗಳ ಗೂಡಿನ ಅಡಿಯಿಂದ ಸಿಡಿಯ ಅಂಚು ಹೊಳೆಯುತ್ತಿತ್ತು. ಗೂಡಿನ ಮೇಲೆ ಪಾರಿವಾಳ. ಕೈ ಚಾಚಿದೆ.

"ಏ ಏ, ಕೈ ಹಚ್ಚಬ್ಯಾಡ್ರಿ! ತತ್ತಿ ಅದಾವ!"

"ಒಂದು ವರ್ಷದಿಂದ ಓಡಿಸ್ತಾ ಇದ್ದದ್ದು ನೀವೇ ಅಲ್ವಾ ಮಾರಾಯ್ರೆ?"

"ಓಡಸೂದು ಬ್ಯಾರೆ, ಮನಿ ಕೀಳೂದು ಬ್ಯಾರೆ. ತತ್ತಿ ಇಟ್ಟ ಮ್ಯಾಲೆ ಅದು ಬಾಣಂತಿ."

"ಅಲ್ಲಿ ಒಬ್ಬ ಕಾಯ್ತಾ ಇದ್ದಾನೆ, ಅಕ್ಕ."

"ಇದೂ ಕಾಯಾಕತ್ತೇತಿ."

ಮಾರನೆಯ ದಿನದಿಂದ ಬಾಣಂತಿಗೆ ಬಟ್ಟಲಲ್ಲಿ ನೀರು, ಹಿಡಿ ಜೋಳ. ಊರಿನಿಂದ ಬಂದ ಜೋಳ. ಅದರ ರೊಟ್ಟಿಯನ್ನು ಅಕ್ಕ ನಮಗೂ ಎಣಿಸಿಯೇ ಕೊಡುತ್ತಿದ್ದದ್ದು.

ಅಮೆರಿಕನ್ನನಿಗೆ ಹಾನಿಯ ವರದಿ ಬರೆದು ಕಳಿಸಿದೆ. ಎಂಟು ನಷ್ಟ, ಒಂದು ಹಕ್ಕಿಯ ವಶದಲ್ಲಿ. ಹಾಡುಗಳನ್ನು ನಾನು ಎಂದೂ ಕೇಳಿರಲಿಲ್ಲ ಎಂಬುದನ್ನೂ ಸೇರಿಸಿದೆ. ಹೊಣೆ: ವರದಿ ಬರೆದವನದು. ಮೂರನೆಯ ದಿನ ಒಂದು ಚಿತ್ರ ಬಂತು. ಸ್ಲೇಟು, ಅದರ ಮೇಲೆ ನಡುಗುವ ಅಕ್ಷರ: ಹಕ್ಕಿಗೆ ತೊಂದರೆ ಕೊಡಬೇಡಿ.

ಮರಿಗಳು ಹಾರಿಹೋಗಲು ಒಂದೂವರೆ ತಿಂಗಳು ಹಿಡಿಯಿತು. ಹಾರಿದ ಮೇಲೆ ಅಕ್ಕನೇ ಗೂಡನ್ನು ಇಡಿಯಾಗಿ ಪಕ್ಕಕ್ಕಿಟ್ಟು, ಸಿಡಿಯನ್ನು ಸೋಪು ನೀರಿನಲ್ಲಿ ತೊಳೆದು ಕೊಟ್ಟರು. ಹಿಕ್ಕೆಯ ಕಲೆ ಅಂಚಿನಲ್ಲಿ ಉಳಿಯಿತು. ಬಿಸಿಲು ಮುಟ್ಟಿರಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಮೂವರೂ ಕಾರಿನಲ್ಲಿ ಕುಳಿತೆವು. ಫೋನಿನಲ್ಲಿ ಅಮೆರಿಕನ್, ಅವನ ಪಕ್ಕದಲ್ಲಿ ಕೊರಳಿಗೆ ಬಟ್ಟೆ ಸುತ್ತಿದ ಮುದುಕ. ಸದ್ದಾಗಬಾರದೆಂದು ಎಸಿ ನಿಲ್ಲಿಸಿದೆವು. ಕಾರು ಸಿಡಿಯನ್ನು ಒಳಗೆಳೆದುಕೊಂಡಿತು, ಯೋಚಿಸಿತು, ಹೊರಕ್ಕೆ ತಳ್ಳಲಿಲ್ಲ.

ಮೊದಲು ಬರೀ ಸುಯ್ ಎಂಬ ಸದ್ದು. ಯಾರೋ ನಾಲ್ಕರವರೆಗೆ ಎಣಿಸಿದರು. ಗಿಟಾರು ತಾಳದ ಪೆಟ್ಟು ಬೀಳುವಲ್ಲಿ ಸುಮ್ಮನಿದ್ದು, ಬಿದ್ದಾದ ಮೇಲೆ ಚಕ್ ಎಂದಿತು. ಆಮೇಲೆ ದನಿ. ಕಂಡಷ್ಟೇ ಬರೆಯುವ ಅಭ್ಯಾಸದಿಂದ ಹೇಳುತ್ತೇನೆ: ಅದು ದೊಡ್ಡ ದನಿಯಲ್ಲ. ಮೊದಲ ಸಾಲಿನಲ್ಲಿ ಶ್ರುತಿ ಸ್ವಲ್ಪ ತಪ್ಪಿತ್ತು.

"ಇಷ್ಟಕ್ಕೇನ್ರಿ ಇಷ್ಟ ದಿನಾ ಕಾದದ್ದು?" ಭಾವ ಬೆವರು ಒರೆಸಿಕೊಂಡರು.

"ಸುಮ್ಕಿರ್ರಿ," ಎಂದರು ಅಕ್ಕ. "ಅವರು ಹಾಡಾಕತ್ತಾರ."

ಫೋನಿನ ಪರದೆಯಲ್ಲಿ ಮುದುಕನ ತುಟಿ ಅಲುಗುತ್ತಿತ್ತು. ಹಾಡು ಮುಂದೆ, ತುಟಿ ಹಿಂದೆ. ಪ್ರತಿ ಮಾತಿಗೂ ಸ್ವಲ್ಪ ತಡ. ನೆಟ್‌ವರ್ಕ್ ಸರಿಯಿಲ್ಲವೆಂದು ನಾನು ಕ್ಷಮೆ ಕೇಳಿದೆ. ಅಮೆರಿಕನ್ ಕಣ್ಣೊರೆಸಿಕೊಂಡು ತಲೆಯಾಡಿಸಿದ.

"ನೆಟ್‌ವರ್ಕ್ ಅಲ್ಲ," ಎಂದ. "ಆಗಲೂ ಇವನು ತಾಳಕ್ಕೆ ಹೀಗೇ ತಡ ಮಾಡುತ್ತಿದ್ದ."