ಬೇಸಿಗೆಯಲ್ಲಿ ಏರಿದ ಗೆರೆ

ಮಕ್ಕಳೇ, ಹೋದ ಭಾನುವಾರ ನೀವು ಬಿ.ಸಿ.ರೋಡಿನಿಂದ ಬಂದವರು ನನಗೆ ಮುಖ ತೋರಿಸುವ ಮೊದಲೇ ಬೇಲಿಯಲ್ಲಿ ಓಡಾಡಲು ಬಿಟ್ಟ ತಡಮೆ ದಾಟಿ ಆಚೆ ಮನೆಯ ದೊಡ್ಡಜ್ಜಿಯ ಹತ್ತಿರ ಓಡಿದಿರಿ. ತಿರುಗಿ ಬಂದು, "ಅಜ್ಜಿ, ನೀವು ಯಾಕೆ ಈಗ ಅಲ್ಲಿಗೆ ಬರುವುದಿಲ್ಲ?" ಎಂದು ಕೇಳಿದಿರಿ. ಕಾಲುನೋವು ಎಂದೆ. ಅದು ಸುಳ್ಳು. ಇಂಥದ್ದನ್ನು ಬಾಯಿಯಿಂದ ಹೇಳಲು ನನಗೆ ಆಗುವುದಿಲ್ಲ. ಏಳನೆಯ ತರಗತಿಯವರೆಗೆ ಊರಿನ ಶಾಲೆಯಲ್ಲಿ ಕಲಿತ ಅಕ್ಷರವಿದೆ, ಬರೆದಿಡುತ್ತೇನೆ. ಆಚೆ ಮನೆಯವರೊಂದಿಗೆ ನಾನು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ನಿಮಗೆ ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ.

ನಾನು ವೇಣೂರಿನ ಈ ಮನೆಗೆ ಮದುವೆಯಾಗಿ ಬರುವಾಗ ನೀವು ದೊಡ್ಡಜ್ಜಿ ಎನ್ನುವ ಅಕ್ಕ ಆಚೆ ಮನೆಗೆ ಬಂದು ಎರಡು ವರ್ಷವಾಗಿತ್ತು. ಸ್ವಂತ ಅಕ್ಕನಲ್ಲ. ಆದರೆ ನನ್ನ ಬಾಯಿ ಅವರೇ. ಬಸ್ಸಿನಲ್ಲಿ ಟಿಕೇಟು ಕೇಳುವುದು ಅವರು, ರೇಷನ್ ಅಂಗಡಿಯಲ್ಲಿ ಜಗಳ ಮಾಡುವುದು ಅವರು. ನಿಮ್ಮ ಅಜ್ಜ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ಬಂದರೆ ನಾನು ಗೋಡೆಗೆ ಒರಗಿ ನಿಲ್ಲುತ್ತಿದ್ದೆ, ಅಕ್ಕ ಮುಂದೆ ಹೋಗಿ ಎಲ್ಲ ಕೇಳಿಕೊಂಡು ಬರುತ್ತಿದ್ದರು. ಅಜ್ಜ ಹೋದ ಮೇಲೆ ಬಂದವರಿಗೆಲ್ಲ ಹೇಗಾಯಿತು, ಏನಾಯಿತು ಎಂದು ಹೇಳಿದವರೂ ಅವರೇ. ನಾನು ಬರೀ ಕುಳಿತಿದ್ದೆ.

ಮೂರು ವರ್ಷದ ಹಿಂದೆ ಮೂಡುಬಿದಿರೆಯ ಕಾಲೇಜಿನಿಂದ ಒಬ್ಬಳು ಹುಡುಗಿ ನಮ್ಮ ಊರಿಗೆ ಬಂದಳು. ಒಂಬತ್ತು ಬಾವಿಗಳನ್ನು ಆರಿಸಿ, ಮನೆಗೊಂದರಂತೆ ತುದಿಗೆ ಗುಂಡು ಕಟ್ಟಿದ ಟೇಪು ಕೊಟ್ಟಳು. ಬೆಳಿಗ್ಗೆ ಎದ್ದು, ಬಾವಿಕಟ್ಟೆಯಿಂದ ಟೇಪು ಇಳಿಸಬೇಕು. ಗುಂಡು ನೀರಿಗೆ ತಾಗಿದಾಗ ಕಟ್ಟೆಯ ಹತ್ತಿರ ಎಷ್ಟು ಮೀಟರ್ ಎಂದು ನೋಡಿ ಫೋನಿನಲ್ಲಿ ಬರೆಯಬೇಕು. ನಮ್ಮದು ಆರನೇ ಬಾವಿ, ಅಕ್ಕನದು ಏಳನೆಯದು. ಒಂದು ಮಾತು ನೆನಪಿಡಿ: ನಾವು ಬರೆಯುತ್ತಿದ್ದದ್ದು ಕಟ್ಟೆಯಿಂದ ನೀರಿಗೆ ಇರುವ ದೂರ. ನೀರು ಇಳಿದಷ್ಟೂ ಅಂಕೆ ದೊಡ್ಡದಾಗುತ್ತದೆ.

ಆ ಅಂಕೆಗಳೆಲ್ಲ ಹುಡುಗಿ ಮಾಡಿದ ಪೇಜಿನಲ್ಲಿ ಗ್ರಾಫಾಗಿ ಬರುತ್ತಿದ್ದವು. ಒಂಬತ್ತು ಬಾವಿಗೆ ಒಂಬತ್ತು ಬಣ್ಣದ ಗೆರೆ. ಗೆರೆಯ ಮೇಲೆ ಬೆರಳಿಟ್ಟರೆ ಸಣ್ಣ ಚೌಕ ಮೂಡಿ ತಾರೀಕು, ಅಂಕೆ ತೋರಿಸುತ್ತದೆ. ಕೆಳಗಿರುವ ಬಾವಿಯ ಹೆಸರನ್ನು ಮುಟ್ಟಿದರೆ ಆ ಗೆರೆ ಅಡಗುತ್ತದೆ, ಇನ್ನೊಮ್ಮೆ ಮುಟ್ಟಿದರೆ ಬರುತ್ತದೆ. ಮೊದಮೊದಲು ನನ್ನ ಫೋನಿನಲ್ಲಿ ಬಲಬದಿ ಕತ್ತರಿಸಿದ ಹಾಗೆ ಕಾಣುತ್ತಿತ್ತು. ಫೋನನ್ನು ಅಡ್ಡ ಹಿಡಿದರೆ ಸರಿಯಾಗುತ್ತದೆ ಎಂದು ನಾನೇ ಕಂಡುಹಿಡಿದೆ.

ಒಂದು ಬೆಳಿಗ್ಗೆ ಎಲ್ಲ ಗೆರೆಗಳೂ ತಳಕ್ಕೆ ಅಂಟಿ ಚಾಪೆಯ ಹಾಗೆ ಮಲಗಿದ್ದವು. ಒಂದು ಮಾತ್ರ ಕೊನೆಯಲ್ಲಿ ಕಂಬದಂತೆ ಮೇಲೆ ಹೋಗಿತ್ತು. ತಡಮೆ ದಾಟಿ ಅಕ್ಕನಿಗೆ ತೋರಿಸಿದೆ. ಕಂಬದ ತುದಿ ಮುಟ್ಟಿದಾಗ ಚೌಕದಲ್ಲಿ 'ಬಾವಿ 7, 65 ಮೀಟರ್' ಎಂದು ಬಂತು. ಅಕ್ಕ 6.5 ಎಂದು ಬರೆಯುವಾಗ ಚುಕ್ಕಿ ಬಿಟ್ಟಿದ್ದರು. ಆ ಒಂದು ಅಂಕೆಗೆ ಜಾಗ ಕೊಡಲು ಗ್ರಾಫು ಉಳಿದವರನ್ನೆಲ್ಲ ಚಪ್ಪಟೆ ಮಾಡಿತ್ತು.

"ಅಯ್ಯೋ ತಂಗಿ, ನನ್ನ ಬಾವಿ ಪಾತಾಳಕ್ಕೆ ಹೋಯ್ತಲ್ಲ!" ಎಂದು ಅಕ್ಕ ನಕ್ಕರು. "ಪಾತಾಳಕ್ಕೆ ಹೋದದ್ದನ್ನು ಇದು ಆಕಾಶಕ್ಕೆ ಹೋದ ಹಾಗೆ ತೋರಿಸ್ತದೆ ನೋಡು. ಎಂತ ಯಂತ್ರ ಮಾರಾಯ್ತಿ ಇದು!"

ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹುಡುಗಿಗೆ ಫೋನು ಮಾಡಿದ್ದು ಅಕ್ಕನೇ. ಅವಳು ಅಂಕೆ ತಿದ್ದಿದಳು. ಗೆರೆ ತಲೆಕೆಳಗಿದೆ ಎಂದು ನಾವು ಯಾರೂ ಹೇಳಲಿಲ್ಲ. ನಮಗಿಬ್ಬರಿಗೆ ಓದಲು ಬರುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮರುವರ್ಷ ಬೇಸಿಗೆಯ ಹೊತ್ತಿಗೆ ಅಕ್ಕನ ಮಗ ಕೋಳಿ ಫಾರ್ಮ್ ಮಾಡಲು ಹೊರಟ. ಅದಕ್ಕೆ ಬೋರ್‌ವೆಲ್ ಬೇಕು. ಅವನು ಗುರುತು ಮಾಡಿದ ಜಾಗ ನಮ್ಮ ಬಾವಿಯಿಂದ ಮೂವತ್ತು ಹೆಜ್ಜೆ. ನಾನೇ ಎಣಿಸಿದೆ. ನಮ್ಮದು ಹನ್ನೊಂದು ಮೀಟರಿನ ಬಾವಿ, ಅಡಿಯಲ್ಲಿ ಬಂಡೆ. ಏಪ್ರಿಲ್‌ನಲ್ಲಿ ಒಂಬತ್ತಕ್ಕೆ ಇಳಿದಿರುತ್ತದೆ. ನನಗೆ ಬೇರೆ ನೀರಿಲ್ಲ. ಪಂಚಾಯತಿನ ನೀರು ಸಮಿತಿ ಸಭೆ ಸೇರಿ ತೀರ್ಮಾನಿಸುತ್ತದೆ ಎಂದರು.

ಹೆದರಿಕೆಯನ್ನು ನಾನು ಹೇಳಿಕೊಂಡದ್ದೂ ಅಕ್ಕನ ಹತ್ತಿರವೇ. "ನೀನು ಮಂಡೆಬಿಸಿ ಮಾಡಬೇಡ. ಸಭೆಯಲ್ಲಿ ಗ್ರಾಫು ಹಾಕ್ತಾರೆ. ನಿನ್ನ ಬಾವಿ ಎಷ್ಟು ಇಳಿದಿದೆ ಅಂತ ಎಲ್ಲರಿಗೂ ಕಾಣ್ತದೆ. ಕಾಣದಿದ್ದರೆ ನಾನಿಲ್ವಾ, ಹೇಳ್ತೇನೆ" ಎಂದರು.

ಸಭೆ ಶಾಲೆಯ ಹಾಲಿನಲ್ಲಿತ್ತು. ಹುಡುಗಿಗೆ ಪರೀಕ್ಷೆ, ಬಂದಿರಲಿಲ್ಲ. ಗೋಡೆಯ ಮೇಲೆ ಗ್ರಾಫು ದೊಡ್ಡದಾಗಿ ಬಿತ್ತು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಂಬತ್ತು ಗೆರೆಗಳೂ ಮೇಲೇರಿದ್ದವು. ಎಡಬದಿಯಲ್ಲಿ 'ನೀರಿನ ಮಟ್ಟ' ಎಂದಷ್ಟೇ ಇತ್ತು.

ಸಮಿತಿಯ ಸದಸ್ಯರೊಬ್ಬರು ಎದ್ದು ನಿಂತೇಬಿಟ್ಟರು. "ನೋಡಿ, ನೋಡಿ! ಹೊಳೆಯ ಕಿಂಡಿ ಅಣೆಕಟ್ಟಿಗೆ ಈ ವರ್ಷ ಸರಿಯಾದ ಸಮಯಕ್ಕೆ ನೀರು ನಿಲ್ಲಿಸುವ ಹಲಗೆ ಹಾಕಿಸಿದ್ದಕ್ಕೆ ಎಲ್ಲ ಬಾವಿಯಲ್ಲೂ ನೀರು ಏರಿದೆ!"

ಜನ ಚಪ್ಪಾಳೆ ತಟ್ಟಿದರು. ಹಲಗೆ ಹಾಕಿಸಿದ್ದು ನಿಜ. ಕೆಲಸ ಮಾಡಿದವರಿಗೆ ಫಲ ಕಾಣುವಾಗ ಯಾರು ಅಂಕೆ ನೋಡುತ್ತಾರೆ? ಆಮೇಲೆ ಆ ಸದಸ್ಯರು ಬೋರ್‌ವೆಲ್ಲಿನ ವಿಷಯಕ್ಕೆ ಬಂದು, ಉಳಿದ ಗೆರೆಗಳನ್ನು ಅಡಗಿಸಿ ಆರನೆಯದನ್ನು ಮಾತ್ರ ಬಿಟ್ಟರು. ನನ್ನ ಗೆರೆ ಒಂಟಿಯಾಗಿ ಗೋಡೆ ಹತ್ತುತ್ತಿತ್ತು.

"ಇವರದ್ದು ಎಲ್ಲರಿಗಿಂತ ಜಾಸ್ತಿ ಏರಿದೆ ಮಾರಾಯ್ರೆ. ಬಾವಿಯಾ, ಗಂಗೆಯಾ?" ಎಂದು ಹಿಂದಿನಿಂದ ಯಾರೋ ಹೇಳಿದರು. ಎಲ್ಲ ನಕ್ಕರು.

ಸದಸ್ಯರು ಅಕ್ಕನ ಕಡೆ ತಿರುಗಿದರು. "ನೀವು ಪಕ್ಕದವರು, ದಿನಾ ಅಳೆಯುವವರು. ಹೌದಾ ಅಮ್ಮ?"

ಅಕ್ಕ ನನ್ನ ಪಕ್ಕದಲ್ಲೇ ಕುಳಿತಿದ್ದರು. ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಗೋಡೆ ನೋಡಿದರು. "ನಾನೆಂತ ಹೇಳುವುದು? ಗೆರೆ ಮೇಲೆ ಹೋಗಿದೆ. ಎಲ್ಲರಿಗೂ ಕಾಣ್ತದಲ್ಲ" ಎಂದರು.

ನಾನು ಎದ್ದೆ. ಅಷ್ಟು ಜನರ ನಡುವೆ ಜೀವಮಾನದಲ್ಲಿ ಮೊದಲ ಸಲ ಎದ್ದೆ. ನಮ್ಮ ಸಾಲು ಬೆಳಕಿನ ದಾರಿಯಲ್ಲಿತ್ತು. ನನ್ನ ತಲೆಯ ನೆರಳು ಗೋಡೆಗೆ ಬಿದ್ದು ಗೆರೆ ಮುಚ್ಚಿಹೋಯಿತು. "ಕೂತ್ಕೊಳ್ಳಿ ಅಮ್ಮ, ಗ್ರಾಫು ಕಾಣುದಿಲ್ಲ" ಎಂದು ಹಿಂದಿನವರು ಕೂಗಿದರು. ಕುಳಿತುಬಿಟ್ಟೆ.

ಮರುದಿನ ಬೆಳಗಿನ ಬಸ್ಸಿಗೆ ಒಬ್ಬಳೇ ಮೂಡುಬಿದಿರೆಗೆ ಹೋದೆ. ಟಿಕೇಟು ನಾನೇ ಕೇಳಿದೆ. ಕಂಡಕ್ಟರ್ ಎರಡು ಸಲ "ಎಲ್ಲಿಗೆ?" ಎಂದ, ನನ್ನ ಸ್ವರ ಅವನಿಗೆ ಕೇಳಿಸಿರಲಿಲ್ಲ. ಹುಡುಗಿ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಸಿಕ್ಕಿದಳು. ನಾನು ಅವಳ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಹತ್ತಿರಕ್ಕೆಳೆದು, ಅದರ ಬಾಯಿಂದ ನೀರಿನವರೆಗೆ ಗೇಣು ಹಾಕಿ ತೋರಿಸಿದೆ. ಅವಳು ಹಣೆಗೆ ಕೈ ಹೊಡೆದುಕೊಂಡಳು.

"ಅಜ್ಜಿ, ಹಾಗೆ ಅಳೆಯಲಿಕ್ಕೆ ಹೇಳಿದ್ದು ನಾನೇ, ಗ್ರಾಫು ಮಾಡುವಾಗ ಅದನ್ನು ನೀರಿನ ಎತ್ತರ ಅಂತ ಹಾಕಿಬಿಟ್ಟೆ! ಬೇಸಿಗೆಯಲ್ಲಿ ಯಾಕೆ ಏರ್ತದೆ ಅಂತ ನಾನಾದರೂ ಆಲೋಚನೆ ಮಾಡಬೇಕಿತ್ತು."

ಒಂದೇ ಸಾಲು ತಿದ್ದಿದ್ದು. ಸೊನ್ನೆ ಮೇಲೆ ಹೋಯಿತು, ಹನ್ನೊಂದು ಕೆಳಗೆ ಬಂತು, ಗೆರೆಗಳೆಲ್ಲ ಕವಚಿ ಬಿದ್ದವು. ಆದರೆ ಗೆರೆಯ ಕೆಳಗೆ ತುಂಬಿದ್ದ ನೀಲಿ ಬಣ್ಣ ಈಗ ಮೇಲೆ ಉಳಿಯಿತು, ನೀರು ಮನೆಯ ಮಾಡಿನಿಂದ ನೇತಾಡುವ ಹಾಗೆ. ಅದನ್ನೂ ಕೆಳಗೆ ತರಿಸಿದೆ. ಸೊನ್ನೆ ಇರುವಲ್ಲಿ 'ಬಾವಿಕಟ್ಟೆ' ಎಂದು ಬರೆ ಎಂದೆ. ತಳದಲ್ಲಿ ಬಂಡೆಗೆ ಒಂದು ಕಂದು ಪಟ್ಟಿ ಎಳೆ ಎಂದೆ. ಮುಟ್ಟಿದಾಗ ಬರುವ ಚೌಕದಲ್ಲಿ 'ಕಟ್ಟೆಯಿಂದ ಇಷ್ಟು ಮೀಟರ್ ಕೆಳಗೆ' ಎಂದಿರಲಿ ಎಂದೆ. ಅಷ್ಟು ಮಾತು ನಾನು ಪರರೊಡನೆ ಆಡಿದ್ದು ಅದೇ ಮೊದಲು.

ಅವಳು ತೆಗೆದುಕೊಟ್ಟ ಪ್ರಿಂಟ್ ಹಿಡಿದು ನೇರ ಆ ಸದಸ್ಯರ ಮನೆಗೆ ಹೋದೆ. ಅವರು ತುಂಬ ಹೊತ್ತು ನೋಡಿದರು. ಮುಖ ಸಣ್ಣದಾಯಿತು. "ಒಪ್ಪಿಗೆ ಪತ್ರ ನಿನ್ನೆಯೇ ಕೊಟ್ಟಾಯ್ತಮ್ಮ. ಗೆರೆ ತಿರುಗಿಸಿದ ಹಾಗೆ ಅದನ್ನು ತಿರುಗಿಸ್ಲಿಕ್ಕೆ ಆಗ್ತದಾ?" ಎಂದರು.

ನಾಲ್ಕನೇ ದಿನ ಬೋರ್‌ವೆಲ್ ಲಾರಿ ಬಂತು. ಅದರ ಬಿಳಿ ಧೂಳು ನಮ್ಮ ಬಾವಿಕಟ್ಟೆಯ ಮೇಲೂ ಕುಳಿತಿತ್ತು.

ಅಂದು ಸಂಜೆ ಅಕ್ಕ ತಡಮೆ ದಾಟಿ ಬಂದರು. ಅಂಗಳದಲ್ಲೇ ನಿಂತರು. "ಮೂಡುಬಿದಿರೆಗೆ ಹೋಗಿ ಗ್ರಾಫು ಕವಚಿ ಹಾಕಿಸಿದಿಯಂತೆ. ನನ್ನ ಮಗ ಮೋಸ ಮಾಡಿ ಒಪ್ಪಿಗೆ ತಗೊಂಡ ಅಂತ ಊರಿಗೆಲ್ಲ ತೋರಿಸಬೇಕಿತ್ತಾ ನಿನಗೆ?"

ನಾನು ಒಂದೇ ಮಾತು ಕೇಳಿದೆ. "ಅಕ್ಕ, ಅರುವತ್ತೈದು ಬರೆದ ದಿನ ನೀವು ಪಾತಾಳ ಅಂದದ್ದು ನೆನಪುಂಟಾ?"

ಅವರು ತಡಮೆಯ ಕಡೆ ತಿರುಗಿದರು. ಆಮೇಲೆ, "ನಿನಗೂ ಬಾಯಿ ಇತ್ತಲ್ಲ" ಎಂದು ಹೇಳಿ ಹೋದರು.

ನಲುವತ್ತು ವರ್ಷ ಅವರೇ ಮಾತಾಡಿದ್ದರು. ನನಗೆ ಬಾಯಿ ಇದೆ ಎಂದು ಅವರಿಗೆ ಅಂದೇ ಗೊತ್ತಾದದ್ದು.

ಆ ಮೇ ತಿಂಗಳಲ್ಲಿ ನಮ್ಮ ಗೆರೆ ಕಂದು ಪಟ್ಟಿಗೆ ತಾಗಿತು. ಟೇಪಿನ ಗುಂಡು ಕೆಸರು ಹಿಡಿದು ಮೇಲೆ ಬಂತು. ಮಳೆ ಬರುವವರೆಗೆ ಪಂಚಾಯತಿನ ಟ್ಯಾಂಕರಿಗೆ ಕೊಡಪಾನ ಹಿಡಿದು ಕಾದೆ. ನೀವು ಆ ರಜೆಯಲ್ಲಿ ಬಂದಾಗ ಬಾವಿಯ ಹತ್ತಿರ ಹೋಗಬೇಡಿ ಎಂದು ಗದರಿಸಿದ್ದು ಅದಕ್ಕೇ.

ಈ ವರ್ಷ ಮಾರ್ಚಿನಲ್ಲಿ ಕಾಲೇಜಿನ ಹುಡುಗಿ ಫೋನು ಮಾಡಿದಳು. ಕಲಿಕೆ ಮುಗಿದರೂ ಪೇಜನ್ನು ಅವಳು ಬಿಟ್ಟಿರಲಿಲ್ಲ. "ಅಜ್ಜಿ, ಎಲ್ಲ ಬಾವಿಯ ಗೆರೆ ಇಳೀತಾ ಉಂಟು. ಏಳನೆಯದು ಮಾತ್ರ ಆರೂವರೆಯಲ್ಲೇ ನಿಂತಿದೆ, ಅಲುಗುದಿಲ್ಲ. ಪೇಜಿನಲ್ಲಿ ಏನಾದರೂ ತೊಂದರೆ ಉಂಟಾ ಅಂತ ನಿನ್ನೆಯಿಂದ ಹುಡುಕ್ತಾ ಇದ್ದೇನೆ. ನಿಮ್ಮ ಫೋನಲ್ಲಿ ಹೇಗೆ ಕಾಣ್ತದೆ?"

ನನ್ನ ಫೋನಿನಲ್ಲೂ ಹಾಗೆಯೇ ಕಾಣುತ್ತಿತ್ತು. ಕಾರಣವೂ ನನಗೆ ಗೊತ್ತಿತ್ತು. ಬೆಳಿಗ್ಗೆ ಆಚೆ ಕಡೆಯಿಂದ ಕೇಳುತ್ತಿದ್ದ ಟೇಪಿನ ಕರಕರ ಸದ್ದು ನಿಂತು ಒಂದು ತಿಂಗಳಾಗಿತ್ತು. ಅಂಕೆ ಮಾತ್ರ ದಿನವೂ ಬರುತ್ತಿತ್ತು. ಬೋರ್‌ವೆಲ್ಲಿಗೆ ಅವರ ಬಾವಿ ನಮ್ಮದಕ್ಕಿಂತಲೂ ಹತ್ತಿರ, ಇಳಿಯದೆ ಇರುವುದಿಲ್ಲ.

ಬೇಲಿಯ ಕಡೆ ನೋಡಿದೆ. "ಅಜ್ಜಿ?" ಎಂದಳು.

"ಪೇಜು ಸರಿ ಉಂಟು ಮಗಾ. ಅಲ್ಲಿ ಟೇಪು ಇಳಿಯುದಿಲ್ಲ" ಎಂದೆ.

ಅವಳು ಅಕ್ಕನಿಗೆ ಏನು ಹೇಳಿದಳೋ ಕೇಳಲಿಲ್ಲ. ಎರಡು ದಿನ ಏಳನೇ ಬಾವಿಗೆ ಚುಕ್ಕಿಯೇ ಬರಲಿಲ್ಲ. ಮೂರನೇ ಬೆಳಿಗ್ಗೆ ನಾನು ಕಟ್ಟೆಯ ಹತ್ತಿರ ಇರುವಾಗ ಬೇಲಿಯಾಚೆ ಟೇಪು ಬಿಚ್ಚುವ ಸದ್ದು ಕೇಳಿತು. ಇಳಿಯಿತು, ಇಳಿಯಿತು, ಬಹಳ ಹೊತ್ತು ಇಳಿಯಿತು. ಆಮೇಲೆ ಫೋನಿನಲ್ಲಿ ಚುಕ್ಕಿ ಬಂತು. ಮುಟ್ಟಿ ನೋಡಿದೆ: ಕಟ್ಟೆಯಿಂದ 10.2 ಮೀಟರ್ ಕೆಳಗೆ. ನನ್ನದಕ್ಕಿಂತಲೂ ಕೆಳಗೆ.

ಸಂತೋಷವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹೋಗಿ ಮಾತಾಡಿಸುವ ಮನಸ್ಸೂ ಬರಲಿಲ್ಲ. ತಡಮೆಯನ್ನು ನಾನು ಮುಚ್ಚಿಸಿಲ್ಲ. ನೀವು ಮುಂದಿನ ಭಾನುವಾರವೂ ಓಡಿ ಹೋಗಿ, ಅವರಿಗೆ ನಿಮ್ಮ ಮೇಲೆ ಇರುವ ಪ್ರೀತಿ ಸುಳ್ಳಲ್ಲ. ಆದರೆ ನಾನು ಯಾಕೆ ಬರುವುದಿಲ್ಲ ಎಂದು ಇನ್ನು ಕೇಳಬೇಡಿ. ಕಾಲು ಸರಿಯಾಗಿಯೇ ಇದೆ.