ಟೋಕಿಯೋ ಡಿಸ್ಕಿನಲ್ಲಿ ಕಂಡ ಕೈಗಳು

ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಹೇಳಿದರೆ, ಆಗ ಬೆಳಕು ಎಷ್ಟಿತ್ತು ಎಂದು ಕೇಳುವುದು ನನ್ನ ಅಭ್ಯಾಸವಾಗಿತ್ತು. ಇಂಥವೆಲ್ಲ ಕತ್ತಲಲ್ಲೇ ಏಕೆ ನಡೆಯುತ್ತವೆ ಎಂದು ಗೆಳೆಯರನ್ನು ರೇಗಿಸುತ್ತಿದ್ದೆ. ನನ್ನದು ನಡೆದದ್ದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಮನೆಯ ಹಾಲಿನಲ್ಲಿ. ಕರ್ಟನ್ ತೆರೆದೇ ಇತ್ತು. ಇದನ್ನು ಮೊದಲ ಸಲ ಬರೆದಾಗ ಹೊರಗೆ ಮೋಡ ಕವಿದಿತ್ತು ಎಂದು ಬರೆದಿದ್ದೆ. ಮೋಡ ಇರಲಿಲ್ಲ. ನೆನಪು ತಾನಾಗಿಯೇ ತಂದಿಟ್ಟ ಮೋಡ ಅದು, ಹೊಡೆದುಹಾಕಿದ್ದೇನೆ. ಇನ್ನೇನೇನು ತಂದಿಟ್ಟಿದೆಯೋ ತಿಳಿಯದು. ಓದುವವರು ನನ್ನನ್ನು ಪೂರ್ತಿ ನಂಬದಿದ್ದರೆ ಒಳ್ಳೆಯದು.

ನನ್ನ ಹೆಂಡತಿ ಸುಮಾಳ ತಂಗಿ ಪಲ್ಲವಿ ಟೋಕಿಯೋದಲ್ಲಿ ಕೆಲಸದಲ್ಲಿದ್ದಳು. ಮೈಸೂರಿನವಳು, ಅಲ್ಲಿ ಒಂಟಿಯಾಗಿದ್ದಳು. ಹೆಂಗಸರೇ ಇದ್ದ ಒಂದು ರಾಕ್ ಬ್ಯಾಂಡಿನ ಹುಚ್ಚು ಅವಳಿಗೆ ಹಿಡಿಯಿತು. ಅದನ್ನು ವೀಡಿಯೊ ಕಾಲಿನಲ್ಲೇ ತನ್ನನ್ನು ಚಿಕ್ಕಿ ಎನ್ನುತ್ತಿದ್ದ ನಮ್ಮ ಮಗಳು ನಿಧಿಗೂ ಅಂಟಿಸಿದಳು. ಆ ಬ್ಯಾಂಡಿನ ಡ್ರಮ್ಮರ್ ಎಂದರೆ ಪಲ್ಲವಿಗೆ ಪ್ರಾಣ. ಆಕೆ ಬಾರಿಸಿ ಮುಗಿಸಿದಾಗಲೆಲ್ಲ ಪಲ್ಲವಿ ಪರದೆಯತ್ತ ಕೈಚಾಚಿ, ಗಾಳಿಯಲ್ಲೇ ಮುಖ ಸವರಿದಂತೆ ಮಾಡಿ, ಬೆರಳು ಮಡಚಿ ತನ್ನ ತಲೆಯ ಪಕ್ಕಕ್ಕೆ ಒತ್ತಿ ನೆಟಿಗೆ ಮುರಿಯುತ್ತಿದ್ದಳು, ಮಕ್ಕಳಿಗೆ ದೃಷ್ಟಿ ತೆಗೆಯುವ ಹಾಗೆ. ಎಲ್ಲರೂ ಎರಡು ಕೈಯಲ್ಲೂ ಒಟ್ಟಿಗೆ ಮುರಿಯುತ್ತಾರೆ. ಇವಳದು ಮೊದಲು ಎಡಗೈ, ಒಂದು ಕ್ಷಣ ಬಿಟ್ಟು ಬಲಗೈ. ‘ಎಷ್ಟು ಜನರ ಕಣ್ಣು ಬಿದ್ದಿರತ್ತೆ ಗೊತ್ತಾ ಭಾವ ಇವಳ ಮೇಲೆ’ ಎನ್ನುತ್ತಿದ್ದಳು.

ಸೋಂಕಿನ ಕಾಲದಲ್ಲಿ ಬ್ಯಾಂಡು ವಿದಾಯ ಹೇಳಿತು. ಕೊನೆಯ ಕಾರ್ಯಕ್ರಮಕ್ಕೆ ಪಲ್ಲವಿಗೆ ಟಿಕೆಟ್ ಸಿಕ್ಕಿತ್ತು. ಮುಂದೆ ಬರಲಿದ್ದ ಅದರ ವೀಡಿಯೊ ಡಿಸ್ಕನ್ನೂ ನಿಧಿಯ ಹೆಸರಿಗೆ, ನಮ್ಮ ವಿಳಾಸಕ್ಕೆ ಆರ್ಡರ್ ಮಾಡಿದ್ದಳು. ಕಾರ್ಯಕ್ರಮದ ದಿನ ಸುಮಾಳಿಗೆ ಫೋನ್ ಮಾಡಿ, ‘ಜ್ವರ ಕಣೇ ಅಕ್ಕ. ಹೋಗಲ್ಲ, ರೂಮಲ್ಲೇ ಮಲ್ಗಿರ್ತೀನಿ’ ಎಂದಳು. ಅದೇ ಕೊನೆಯ ಮಾತು. ಆ ಜ್ವರದಿಂದ ಅವಳು ಏಳಲಿಲ್ಲ. ಜಪಾನ್ ಹೊರಗಿನವರಿಗೆ ಬಾಗಿಲು ಮುಚ್ಚಿತ್ತು; ನಾವು ಹೋಗಲಾಗಲಿಲ್ಲ. ಕೋಣೆಯಲ್ಲಿ ಒಬ್ಬಳೇ ಮಲಗಿದ ತಂಗಿ ಸುಮಾಳ ಕಣ್ಣೆದುರಿನಿಂದ ಹೋಗಲೇ ಇಲ್ಲ. ನೋಡದೆ ಇದ್ದದ್ದು ನೋಡಿದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ.

ಡಿಸ್ಕ್ ಬಂದದ್ದು ಎಷ್ಟೋ ತಿಂಗಳ ಮೇಲೆ. ಬಿಚ್ಚುವ ಧೈರ್ಯ ಯಾರಿಗೂ ಬರಲಿಲ್ಲ. ನಿಧಿ ಕಾಲೇಜಿಗೆಂದು ರಾಲಿ ನಗರಕ್ಕೆ ಹೊರಡುವ ಹಿಂದಿನ ಭಾನುವಾರ ತಾನೇ ಅದರ ಪ್ಲಾಸ್ಟಿಕ್ ಹರಿದು ಹಾಕಿದಳು. ಸುಮಾ ಸೋಫಾದಲ್ಲಿ, ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ನಿಧಿ ನಮ್ಮ ಮುಂದೆ ನೆಲದ ಮೇಲೆ ಕುಳಿತಿದ್ದಳು.

ಪರದೆಯಲ್ಲಿ ಕಂಡದ್ದೊಂದು ವಿಚಿತ್ರ ಸಭೆ. ಕೂಗಬಾರದೆಂಬ ನಿಯಮವಿದ್ದ ದಿನಗಳು. ಮಾಸ್ಕ್ ಹಾಕಿದ ಜನ ತುಟಿ ಬಿಚ್ಚದೆ, ಬಣ್ಣದ ದೀಪದ ಕಡ್ಡಿಗಳನ್ನು ತಾಳಕ್ಕೆ ಸರಿಯಾಗಿ ಆಡಿಸುತ್ತಿದ್ದರು. ವೇದಿಕೆಯ ಮೇಲೆ ಅಷ್ಟು ಅಬ್ಬರ, ಹಾಡು ಮುಗಿದರೆ ಬರೀ ಚಪ್ಪಾಳೆ. ಕೊನೆಯ ಹಾಡಾದ ಮೇಲೆ ಡ್ರಮ್ಮರ್ ಮುಂದೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಕ್ಯಾಮೆರಾ ಜನರ ಬೆನ್ನ ಹಿಂದಿನಿಂದ ಅವಳನ್ನು ತೋರಿಸಿತು. ಆಡುವ ಕಡ್ಡಿಗಳ ನಡುವೆ ಎರಡು ಬರಿಗೈ ಮೇಲೆದ್ದವು. ಚಾಚಿದವು, ಸವರಿದವು, ಹಿಂದಕ್ಕೆ ಬಂದವು. ಎಡಗೈ. ಆಮೇಲೆ ಬಲಗೈ.

ಮೊದಲು ಮಾತಾಡಿದ್ದು ನಿಧಿ. ‘ವೇಟ್. ವೈ ಈಸ್ ಶಿ ಡೂಯಿಂಗ್ ಚಿಕ್ಕೀಸ್ ಥಿಂಗ್?’

‘ಹಿಂದಕ್ಕೆ ಹಾಕು’ ಎಂದಳು ಸುಮಾ.

ಹಾಕಿದಳು. ಡ್ರಮ್ಮರ್ ಬಗ್ಗಿದಳು, ಕಡ್ಡಿಗಳು ಆಡಿದವು. ಬರಿಗೈ ಇರಲಿಲ್ಲ. ಮತ್ತೆ ಮತ್ತೆ ಹಾಕಿದರೂ ಇರಲಿಲ್ಲ.

ನನ್ನ ಅನುಮಾನ ಮೊದಲು ಮಗಳ ಮೇಲೆ ಹೋಯಿತು. ವೀಡಿಯೊ ಎಡಿಟ್ ಮಾಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಅಮ್ಮನ ಸಮಾಧಾನಕ್ಕೆ ಏನಾದರೂ ಮಾಡಿರಬಹುದು. ‘ಸೀರಿಯಸ್ಲೀ, ಅಪ್ಪಾ? ನಿನ್ ಮುಂದೇನೇ ಓಪನ್ ಮಾಡ್ದೆ’ ಎಂದು ಮುಖ ತಿರುಗಿಸಿದಳು. ಬೇರೆ ಕ್ಯಾಮೆರಾದಿಂದ ನೋಡುವ ಸೌಲಭ್ಯ ಡಿಸ್ಕಿನಲ್ಲಿತ್ತು. ಅದನ್ನೂ ಹಾಕಿ ನೋಡಿದೆ, ಅಲ್ಲೂ ಆ ಕೈಗಳಿರಲಿಲ್ಲ. ಕೊನೆಗೆ ಟಿವಿಯ ಗಾಜಿನ ಮೇಲೆ ಅನುಮಾನ ಬಂತು. ಚಿತ್ರದಲ್ಲಿ ಕತ್ತಲು, ಮನೆಯಲ್ಲಿ ಕಿಟಕಿಯ ಬೆಳಕು. ಸೋಫಾದಲ್ಲಿ ಕೂತವರು ಪರದೆಯಲ್ಲಿ ಮಸುಕಾಗಿ ಕಾಣುತ್ತಿದ್ದೆವು. ಆದರೆ ಸುಮಾಳ ಕೈ ಅವರೆಕಾಳಿನ ಪಾತ್ರೆಯಲ್ಲಿತ್ತು. ಅಲ್ಲದೆ ಹಾಗೆ ಬಿಡಿಬಿಡಿಯಾಗಿ ಮುರಿಯುವವಳು ಪಲ್ಲವಿ ಒಬ್ಬಳೇ.

‘ನೀವೂ ನೋಡಿದ್ರಿ ತಾನೆ?’ ಎಂದು ಸುಮಾ ಕೇಳಿದಳು.

‘ನೋಡಿದೆ.’

‘ನಂಗೆ ಸುಳ್ಳು ಹೇಳಿ ಹೋಗಿದ್ಲು ಅಂತಾನೇ ಆಗ್ಲಿ. ಬೈಕೊಂಡು ನೆಮ್ಮದಿಯಾಗಿರ್ತೀನಿ. ಆ ರೂಮಲ್ಲಿ ಒಬ್ಳೇ ಇರ್ಲಿಲ್ಲ ಅಂದ್ರೆ ಸಾಕು.’

ನನ್ನ ಒಂದು ಮಾತಿನ ಮೇಲೆ ಅವಳು ಅಷ್ಟು ಭಾರ ಇಟ್ಟಳು.

ಅದೇ ವಾರ ನಿಧಿಯನ್ನು ರಾಲಿಯ ಕಾಲೇಜು ಹಾಸ್ಟೆಲಿನಲ್ಲಿ ಬಿಟ್ಟೆವು. ಸಾಮಾನೆಲ್ಲ ಒಳಗೆ ಸಾಗಿಸಿ ಹೊರಡುವಾಗ ಸುಮಾ ಮಗಳ ಮುಖದ ಮುಂದೆ ಕೈಚಾಚಿ ಸವರಿ, ತನ್ನ ತಲೆಗೆ ಒತ್ತಿ ನೆಟಿಗೆ ಮುರಿದಳು. ಮೊದಲು ಎಡಗೈ. ಒಂದು ಕ್ಷಣ ಬಿಟ್ಟು ಬಲಗೈ.

ಕಾರು ಹತ್ತಿದ ಮೇಲೆ ಕೇಳಿದೆ: ‘ಯಾವಾಗಿಂದ ಹೀಗೆ ಮಾಡ್ತಿದೀಯ?’

‘ಮೊದ್ಲಿಂದ್ಲೂ ಹೀಗೇ. ಪಲ್ಲು ಕಲ್ತಿದ್ದೇ ನನ್ನ ನೋಡಿ. ಇಷ್ಟು ವರ್ಷ ಏನ್ ನೋಡ್ತಿದ್ರಿ?’

ಮನೆಗೆ ಹಿಂದಿರುಗುವ ದಾರಿಯಲ್ಲಿ ರಿಚ್ಮಂಡ್ ದಾಟುವವರೆಗೂ ಆ ಮಧ್ಯಾಹ್ನವನ್ನು ತಲೆಯಲ್ಲೇ ಹಿಂದಕ್ಕೆ ಹಾಕಿ ಹಾಕಿ ನೋಡಿದೆ. ಪಾತ್ರೆ ಕಾಣುತ್ತದೆ, ಅವರೆಕಾಳು ಕಾಣುತ್ತದೆ, ಪಕ್ಕದ ಪೇಪರ್ ಟವೆಲ್ ಮೇಲಿನ ಸಿಪ್ಪೆ ಕಾಣುತ್ತದೆ. ಸುಮಾಳ ಕೈ ಕೆಲವು ಸಲ ಪಾತ್ರೆಯಲ್ಲಿರುತ್ತದೆ, ಕೆಲವು ಸಲ ಇರುವುದಿಲ್ಲ. ನಿಧಿಯನ್ನು ಫೋನಿನಲ್ಲಿ ಕೇಳಿದೆ. ‘ಅಮ್ಮ ಬೌಲ್ ಹಿಡ್ಕೊಂಡಿದ್ಲು. ಐಯಾಮ್ ಶೂರ್’ ಎಂದಳು. ಅವಳು ನಮಗೆ ಬೆನ್ನು ಮಾಡಿ ಕುಳಿತಿದ್ದಳು.

ಹಾಗಾದರೆ ಕನ್ನಡಿಯಂಥ ಆ ಗಾಜು ತೋರಿಸಿದ್ದು ಸೋಫಾವನ್ನೋ, ಟೋಕಿಯೋವನ್ನೋ? ಸುಮಾಳನ್ನೇ ನೇರವಾಗಿ ಕೇಳಬಹುದು. ಕೇಳಿಲ್ಲ. ಈಗ ಅವಳು ತಂಗಿಯ ಮಾತು ಬಂದಾಗ ಅಳುವುದಿಲ್ಲ, ಬೈಯುತ್ತಾಳೆ. ‘ಜ್ವರ ಇಟ್ಕೊಂಡು ಕುಣಿಯೋಕೆ ಹೋಗಿದಾಳೆ ಕತ್ತೆ. ಇವರೇ ನೋಡಿದಾರೆ, ಬೇಕಾದ್ರೆ ಕೇಳಿ’ ಎಂದು ಬಂದವರ ಎದುರು ನನ್ನ ಕಡೆ ತಿರುಗುತ್ತಾಳೆ. ಹೌದು, ನೋಡಿದೆ ಎನ್ನುತ್ತೇನೆ. ಕೈಗಳನ್ನು ನೋಡಿದ್ದು ನಿಜ. ಯಾರ ಕೈ ಎಂದು ಅವಳು ಇದುವರೆಗೆ ಕೇಳಿಲ್ಲ.