ಹೊರೆಗಲ್ಲಿಲ್ಲದ ಚೌಕ

ಸ್ವಾತಂತ್ರ್ಯ ಬಂದ ಮೇಲೆ ಕೊಡಗು ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ ನಾನು ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ವಯಸ್ಸು ಇಪ್ಪತ್ಮೂರು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್, ತಲೆಯೊಳಗೆ ಸದಾ ಒಂದಿಷ್ಟು ಗಾಳಿ. ಉತ್ತರ ಕೊಡಗಿನ ನಮ್ಮ ಪೇಟೆಯ ನಡುವೆ ರಾಜರ ಕಾಲದ ಚೌಕವೊಂದಿತ್ತು. ಕಲ್ಲು ಹಾಸಿದ ಬಯಲು, ನಾಲ್ಕೂ ಕಡೆ ಅಂಗಡಿ. ವಾರಕ್ಕೊಂದು ದಿನ ಸಂತೆ, ಉಳಿದ ದಿನ ದನ ಮತ್ತು ಧೂಳು. ಅದನ್ನು ಎಲ್ಲರೂ ಬಂದು ಕೂರುವಂಥ, ನಮ್ಮದು ಎನ್ನಿಸುವಂಥ ಜಾಗ ಮಾಡಬೇಕೆಂದು ನಮ್ಮ ಇಂಜಿನಿಯರಿಗೆ ಆಸೆ. ಮೈಸೂರಿನಿಂದ ಬಂದ ಒಳ್ಳೆಯ ಮನುಷ್ಯ, ಆಸೆಯೂ ಒಳ್ಳೆಯದೇ. ಕೆಡಿಸಿದವನು ನಾನು.

ಅಳತೆಗೆ ನಾನು ಸಂತೆಯಿಲ್ಲದ ದಿನ ಹೋದೆ. ಸಂತೆಯ ದಿನ ಸರಪಳಿ ಎಳೆಯಲು ಜನ ಬಿಡಬೇಕಲ್ಲ! ಖಾಲಿ ಚೌಕದಲ್ಲಿ ಅಡ್ಡ ಬಂದದ್ದು ಒಂದೇ, ಹೊರೆಗಲ್ಲು. ಎದೆಯೆತ್ತರದ ಎರಡು ಕಂಬ, ಮೇಲೊಂದು ಚಪ್ಪಡಿ. ತಲೆಹೊರೆ ಹೊತ್ತು ಬಂದವರು ಬಗ್ಗದೆ ಹೊರೆಯನ್ನು ಅದರ ಮೇಲೆ ಸರಿಸಿ ಉಸಿರು ಬಿಡುತ್ತಿದ್ದರು, ಹೊರಡುವಾಗ ಯಾರ ನೆರವೂ ಇಲ್ಲದೆ ಮತ್ತೆ ತಲೆಗೇರಿಸಿಕೊಳ್ಳುತ್ತಿದ್ದರು. ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಜಾರಿಕೊಳ್ಳುವಂತಿಲ್ಲ. ನಮ್ಮ ಹೊಲದ ದಾರಿಯಲ್ಲೂ ಒಂದಿತ್ತು. ಅವ್ವ ಹುಲ್ಲಿನ ಹೊರೆಯನ್ನು ಅದರ ಮೇಲಿಟ್ಟು ಬೆವರು ಒರೆಸಿಕೊಳ್ಳುವುದನ್ನು ನೋಡಿಕೊಂಡೇ ಬೆಳೆದವನು ನಾನು.

ಜವಳಿ ಅಂಗಡಿಯ ಯಜಮಾನರು ನಮಗೆ ದೂರದ ನೆಂಟರು. ಅಂಗಡಿಯೊಳಗಿಂದಲೇ ಕೂಗಿದರು.

"ಅದ್ನ ಮೊದ್ಲು ಕೀಳ್ಸಪ್ಪ. ಈಗ ಲಾರಿ ಬಂದವೆ, ಇನ್ಯಾರ್ ತಲೆ ಮೇಲೆ ಹೊರ್ತಾರೆ?"

ನಾನು ನಗುತ್ತ ತಲೆಯಾಡಿಸಿದೆ. ಆಮೇಲೆ ಹತ್ತು ದಿನ ಕೂತು ಬರೆದೆ. ನಡುವೆ ದುಂಡನೆಯ ಹೂತೋಟ, ಸುತ್ತ ಕಬ್ಬಿಣದ ಕಂಬಿ, ಅಲ್ಲಿಂದ ಹೊರಡುವ ಎಂಟು ದಾರಿ, ದಾರಿಯುದ್ದಕ್ಕೂ ಸಿಮೆಂಟು ಬೆಂಚು. ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿ ಹಾಕಿ ಮುಗಿಸಿದ ಮೇಲೆ ನೋಡಿದರೆ ಹೊರೆಗಲ್ಲು ಸರಿಯಾಗಿ ಒಂದು ದಾರಿಯ ನಟ್ಟನಡುವೆ ಬಂದಿತ್ತು. ಅದನ್ನು ಉಳಿಸಬೇಕೆಂದರೆ ಇಡೀ ನಕ್ಷೆ ಹೊಸದಾಗಿ ಬರೆಯಬೇಕು. ಇಂಜಿನಿಯರು ನಕ್ಷೆಯಲ್ಲಿ ಆ ಕಲ್ಲಿನ ಗುರುತಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು.

"ಹಳೇ ಕಲ್ಲು ಸಾರ್. ಉಪಯೋಗ ಇಲ್ಲ" ಎಂದೆ. ಅವರು ನಂಬಿದರು.

ಚೌಕ ಸಿದ್ಧವಾದಾಗ ಮಡಿಕೇರಿಯಿಂದ ದೊಡ್ಡವರು ಬಂದು ಟೇಪು ಕತ್ತರಿಸಿದರು. ಮುಂದಿನ ಸಂತೆಯ ದಿನ ನಾನು ಬಿಳಿ ಶರಟು ಹಾಕಿಕೊಂಡು, ಹೊಗಳಿಸಿಕೊಳ್ಳಲೆಂದೇ ಹೋದೆ. ಬೆಂಚುಗಳ ತುಂಬ ಜನ. ಯಜಮಾನರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ತರಿಸಿದರು.

ಆಗ ಸೌದೆ ಮಾರುವ ಹೆಂಗಸು ಬಂದಳು. ವಾರವಾರ ಕಾಡಂಚಿನಿಂದ ನಡೆದು ಬರುತ್ತಿದ್ದವಳು, ನಡುವಯಸ್ಸು, ಸಣಕಲು. ಅವಳ ಜಾತಿಯವರ ಹೊರೆಗೆ ಪೇಟೆಯವರು ಕೈ ಹಚ್ಚುತ್ತಿರಲಿಲ್ಲ. ಕೊಂಡವರೂ ಹಿತ್ತಲಲ್ಲಿ ಹಾಕಿಸಿಕೊಂಡು, ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಕಲ್ಲಿದ್ದ ಜಾಗಕ್ಕೆ ಬಂದು ಅವಳು ಹೊರೆ ಹೊತ್ತೇ ಒಂದು ಸುತ್ತು ತಿರುಗಿದಳು.

"ಅಯ್ಯಾ, ಇಲ್ಲಿದ್ ಕಲ್ಲ್ ಎಲ್ಲೋಯ್ತು?" ಎಂದು ನನ್ನನ್ನೇ ಕೇಳಿದಳು.

"ತೆಗ್ದವ್ರೆ."

"ಯಾರ್ ತೆಗ್ದಿದ್ದು?"

"ಮೇಲ್ನೋರು" ಎಂದೆ.

ಕೊಳ್ಳುವವರು ಯಾರೂ ಬರಲಿಲ್ಲ. ಬೆಂಚು ಮೊಣಕಾಲೆತ್ತರ, ಅದರ ಮೇಲಿಟ್ಟರೆ ಮತ್ತೆ ಎತ್ತಲಾಗದು, ಇಡಲು ಬಿಡುವವರೂ ಇರಲಿಲ್ಲ. ಕುತ್ತಿಗೆ ನಡುಗತೊಡಗಿದಾಗ ಅವಳು ಹೊರೆಯನ್ನು ನೆಲಕ್ಕೆ ಕೆಡವಿದಳು. ಸ್ವಲ್ಪ ಹೊತ್ತಾದ ಮೇಲೆ ಬೇರೆ ಬೀದಿಗೆ ಹೋಗೋಣವೆಂದು ಎದ್ದು, ಸುತ್ತ ನೋಡಿ, ಕೊನೆಗೆ ನನ್ನತ್ತ ತಿರುಗಿದಳು.

"ಅಯ್ಯಾ, ಒಂದ್ ಕೈ ಕೊಡ್ರಯ್ಯಾ."

ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು, ಮನುಷ್ಯರಲ್ಲಿ ಮೇಲುಕೀಳಿಲ್ಲ ಎಂದು ಮನೆಯಲ್ಲಿ ಕೇಳಿಕೊಂಡೇ ದೊಡ್ಡವನಾದೆ. ಏಳಬೇಕಿತ್ತು. ನಾಲ್ಕು ಹೆಜ್ಜೆ. ಯಜಮಾನರು ನನ್ನನ್ನೇ ನೋಡುತ್ತಿದ್ದರು. ನಾನು ಲೋಟದೊಳಗೆ ನೋಡಿದೆ. ನಿಜ ಹೇಳುತ್ತೇನೆ, ಆಗ ನನಗೆ ಬಂದದ್ದು ಕನಿಕರವಲ್ಲ, ಅವಳ ಮೇಲೆ ಕೋಪ. ಇಷ್ಟೊಂದು ಜನರಲ್ಲಿ ನನ್ನನ್ನೇ ಯಾಕೆ ಕೇಳಬೇಕಿತ್ತು ಅಂತ.

ಅವಳು ಮತ್ತೆ ಕೇಳಲಿಲ್ಲ. ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಹೊರೆಯನ್ನು ತಲೆಯ ಮೇಲೆ ಎಳೆದುಕೊಂಡು, ಹೂತೋಟದ ಕಂಬಿ ಹಿಡಿದು ಏಳಲು ನೋಡಿದಳು. ಎರಡು ಸಲ ಕುಸಿದಳು. ಮೂರನೆಯ ಸಲ ಎದ್ದಳು. "ಏಯ್, ಇವತ್ ಇನ್ನೊಂದ್ಸಲ ಹಚ್ಚಿದ್ ಬಣ್ಣ, ಹಸಿ ಅದೆ, ಮುಟ್ಬ್ಯಾಡ!" ಎಂದು ತೋಟದ ಕಾವಲಿನವನು ಕೂಗಿದ. ಹಸಿರು ಬಣ್ಣ ಮೆತ್ತಿದ ಅಂಗೈಯಲ್ಲಿ ಹೊರೆ ಹಿಡಿದುಕೊಂಡು ಅವಳು ಹೊರಟುಹೋದಳು.

ಆಮೇಲೆ ಅವಳು ಚೌಕಕ್ಕೆ ಬರಲೇ ಇಲ್ಲ. ಅವಳಂಥವರು ಒಬ್ಬರೂ ಬರಲಿಲ್ಲ. ಊರಾಚೆಯ ತಿರುವಿನಲ್ಲಿ ಎದೆಯೆತ್ತರದ ದಿಣ್ಣೆಯೊಂದಿತ್ತು. ಅದರ ಮೇಲೆ ಹೊರೆ ಇಟ್ಟುಕೊಂಡು, ಅಷ್ಟು ದೂರ ಬರುವ ಯಾರೋ ಒಬ್ಬಿಬ್ಬರು ಗಿರಾಕಿಗಳಿಗಾಗಿ ಬಿಸಿಲಲ್ಲಿ ಕಾಯುತ್ತಿದ್ದರು. ಪೇಟೆಯವರು ಮಾತ್ರ ಚೌಕ ಈಗ ಎಷ್ಟು ಚೊಕ್ಕಟವಾಗಿದೆ ಎಂದು ನನ್ನ ಬೆನ್ನು ತಟ್ಟಿದರು.

ಒಂದು ತಿಂಗಳ ಮೇಲೆ ಇಂಜಿನಿಯರು ನನ್ನನ್ನು ಕರೆದರು. ಕಿತ್ತ ಕಂಬ, ಚಪ್ಪಡಿ ಇನ್ನೂ ಕಚೇರಿಯ ಹಿಂದೆಯೇ ಬಿದ್ದಿದ್ದವು. ಮತ್ತೆ ನಿಲ್ಲಿಸಲು ನಾಲ್ಕಾಳಿಗೆ ಅರ್ಧ ದಿನದ ಕೆಲಸ.

"ನೀವು ಸಂತೆ ದಿನ ಹೋಗಿ ನೋಡಿದೀರಿ. ಅಲ್ಲಿ ಏನಾದ್ರೂ ಬಿಟ್ಟುಹೋಗಿದ್ಯಾ? ಸಂಕೋಚ ಬೇಡ, ಹೇಳಿ. ಇನ್ನೂ ಸ್ವಲ್ಪ ಸಿಮೆಂಟು ಉಳಿದಿದೆ."

ಹೇಳಿದರೆ ಅಂದು ನಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಳ್ಳಬೇಕಿತ್ತು.

"ಎಲ್ಲಾ ಸರಿಯಾಗಿದೆ ಸಾರ್" ಎಂದೆ.

ಉಳಿದ ಸಿಮೆಂಟಿನಲ್ಲಿ ಜವಳಿ ಅಂಗಡಿಯ ಮುಂದೆ ಇನ್ನೊಂದು ಬೆಂಚು ಕಟ್ಟಿಸಿದೆವು.